ಬೈಸಿಕಲ್ಲಿನ ದೀಪ ಎಲ್ಲಿರಬೇಕು?

ಬೀದರ ಜಿಲ್ಲೆಯ ರಾಜೇಶ್ವರವು ಬಸವಕಲ್ಯಾಣ, ಹುಮನಾಬಾದುಗಳ ನಡುವೆ, ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಹಗಲಿನಲ್ಲಿ ಇಲ್ಲಿಯ ದಾರಿಗಳಲ್ಲಿ ಬೈಸಿಕಲ್ಲು ತುಳಿಯುವುದು ಕಷ್ಟವಲ್ಲ. ಹೊತ್ತು ಮುಳುಗಿದ ಮೇಲೆ ಮಾತು ಬೇರೆ. ಹೆದ್ದಾರಿಯಲ್ಲಿ ಎದುರು ಲಾರಿಯ ದೀಪ ಕಣ್ಣು ಕೋರೈಸುತ್ತದೆ. ಅದನ್ನು ಬಿಟ್ಟು ಹೊಲಗಳ ನಡುವಿನ ದಾರಿಗೆ ಇಳಿದೊಡನೆ ಗಾಢಾಂಧಕಾರ. ಎರೆಮಣ್ಣೂ ಡಾಂಬರೂ ತಮ್ಮ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಹೀರಿಬಿಡುತ್ತವೆ. ಕಬ್ಬಿನ ಗಾಡಿಯಿಂದ ಬಿದ್ದ ಜಲ್ಲೆಯಾಗಲಿ, ಮಳೆ ಕೊರೆದ ತಗ್ಗಾಗಲಿ ಮುಂಚಕ್ರಕ್ಕೆ ತಾಕುವವರೆಗೂ ತಿಳಿಯದೆ ಹೋಗಬಹುದು.

ಕರ್ನಾಟಕ ಸರ್ಕಾರವು 2006–07ರಿಂದ ಹಲವು ವರ್ಷಗಳ ಕಾಲ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಹಂಚಿತು. ಹಳ್ಳಿಯ ಎಷ್ಟೋ ಮಕ್ಕಳು ದೂರದ ಶಾಲೆಗೆ ಹೋಗಿಬರಲು ಅದರಿಂದ ಅನುಕೂಲವಾಯಿತು. ಬೈಸಿಕಲ್ಲಿಗೆ ದೀಪ ಕೊಳ್ಳುವಾಗ ಅದರ ಬೆಲೆಯನ್ನೂ ಪ್ರಖರತೆಯನ್ನೂ ನಾವು ವಿಚಾರಿಸುತ್ತೇವೆ. ಆದರೆ ಅದನ್ನು ಎಲ್ಲಿ ಕಟ್ಟಬೇಕೆಂದು ವಿಚಾರಿಸುವವರು ವಿರಳ. ಅದೇ ದೀಪ, ಅದೇ ಬ್ಯಾಟರಿ. ಸ್ಥಾನವೊಂದು ಬದಲಾದರೆ ದಾರಿಯ ಕಲ್ಲು ಕಾಣಿಸಲೂಬಹುದು, ಕಾಣದೆ ಹೋಗಲೂಬಹುದು. ಇದರ ಮರ್ಮವೇನು?

ನಾವು ರಾತ್ರಿ ಕಲ್ಲನ್ನು ಗುರುತಿಸುವುದು ಬಹುಮಟ್ಟಿಗೆ ಅದರ ನೆರಳಿನಿಂದ. ಕರಿಯ ಹಾದಿಯ ಮೇಲಿನ ಕರಿಯ ಕಲ್ಲು ಬಣ್ಣದಿಂದ ಬೇರೆಯಾಗಿ ತೋರುವುದಿಲ್ಲ. ಅದರ ಹಿಂದೆ ಚಾಚಿದ ಕಪ್ಪು ಪಟ್ಟಿಯೇ ನಮ್ಮನ್ನು ಎಚ್ಚರಿಸುತ್ತದೆ. ಸಂಜೆಯ ಸೂರ್ಯ ಕೆಳಗಿಳಿದಂತೆ ನೆರಳು ಉದ್ದವಾಗುವುದನ್ನು ಎಲ್ಲರೂ ಬಲ್ಲರು. ದೀಪಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ದೀಪದಿಂದ 10 ಮೀಟರ್ ದೂರದಲ್ಲಿ 5 ಸೆಂಟಿಮೀಟರ್ ಎತ್ತರದ ಕಲ್ಲೊಂದಿದೆ ಎನ್ನೋಣ. ದೀಪವು ನೆಲದಿಂದ 100 ಸೆಂ.ಮೀ. ಎತ್ತರದಲ್ಲಿ, ಎಂದರೆ ಹ್ಯಾಂಡಲ್ಲಿನ ಮೇಲಿದ್ದರೆ, ಸಮರೂಪ ತ್ರಿಕೋನಗಳ ನಿಯಮದಂತೆ ನೆರಳಿನ ಉದ್ದ ಸುಮಾರು 53 ಸೆಂ.ಮೀ. ಆದರೆ ಅಷ್ಟೂ ನಮಗೆ ಕಾಣುವುದಿಲ್ಲ. ಕಲ್ಲು ತನ್ನ ಹಿಂದಿನ ನೆಲವನ್ನು ನಮ್ಮ ಕಣ್ಣಿಗೂ ಮರೆಮಾಡುತ್ತದೆಯಷ್ಟೆ. ಕಣ್ಣು 150 ಸೆಂ.ಮೀ. ಎತ್ತರದಲ್ಲಿದ್ದರೆ ಹೀಗೆ ಮರೆಯಾಗುವ ಭಾಗ ಸುಮಾರು 34 ಸೆಂ.ಮೀ. (ಕಣ್ಣು ದೀಪಕ್ಕಿಂತ ಸ್ವಲ್ಪ ಹಿಂದಿರುವುದನ್ನು ಇಲ್ಲಿ ಗಣಿಸಿಲ್ಲ.) ಉಳಿದು ಕಾಣುವ ನೆರಳು 19 ಸೆಂ.ಮೀ. ಮಾತ್ರ.

ಈಗ ದೀಪವನ್ನು ತಲೆಗೆ ಕಟ್ಟಿಕೊಳ್ಳೋಣ. ರಾತ್ರಿ ಹೊಲಕ್ಕೆ ನೀರು ಹಾಯಿಸುವ ರೈತರಿಗೆ ಇಂಥ ತಲೆದೀಪ ಬಹಳ ಉಪಯುಕ್ತ. ಎರಡು ಕೈಗಳೂ ಬಿಡುವಾಗುತ್ತವೆ, ನೋಡಿದತ್ತ ಬೆಳಕೂ ತಿರುಗುತ್ತದೆ. ಆದರೆ ದೀಪ ಕಣ್ಣಿಗಿಂತಲೂ ಮೇಲಿರುವುದರಿಂದ ನೆರಳೆಲ್ಲವೂ ಕಲ್ಲಿನ ಹಿಂದೆಯೇ ಅಡಗಿಹೋಗುತ್ತದೆ. ರಸ್ತೆ ಬೆಳಗಿದ್ದರೂ ಚಪ್ಪಟೆಯಾಗಿ ತೋರುತ್ತದೆ. ಜೊತೆಗೆ ಮಂಜು, ಧೂಳುಗಳಿದ್ದಾಗ ಕಣ್ಣಿನ ಮುಂದಿನ ಕಣಗಳೇ ಬೆಳಗಿ ಬಿಳಿಯ ಪರದೆಯೊಂದು ಕವಿಯುತ್ತದೆ. ಸವಾರನು ತಲೆಯೆತ್ತಿದೊಡನೆ ಎದುರು ಬರುವವನ ಕಣ್ಣೂ ಕುಕ್ಕುತ್ತದೆ.

ಹಾಗಾದರೆ ದೀಪವನ್ನು ಆದಷ್ಟು ಕೆಳಗೆ ಕಟ್ಟಿದರಾಯಿತಲ್ಲವೆ? ಮುಂಚಕ್ರದ ಅಚ್ಚಿನ ಬಳಿ, 40 ಸೆಂ.ಮೀ. ಎತ್ತರದಲ್ಲಿ ಕಟ್ಟಿದರೆ ಅದೇ ಕಲ್ಲಿನ ನೆರಳು 143 ಸೆಂ.ಮೀ. ಆಗುತ್ತದೆ, ಅದರಲ್ಲಿ ನೂರಕ್ಕೂ ಹೆಚ್ಚು ಸೆಂ.ಮೀ. ನಮಗೆ ಕಾಣುತ್ತದೆ. ಆದರೆ ಲಾಭವೊಂದಾದರೆ ನಷ್ಟ ಹಲವು. ಮೊದಲನೆಯದು, ಬೆಳಕು ನೆಲವನ್ನು ಸವರಿಕೊಂಡು ಹೋಗುವುದರಿಂದ ಬಹಳ ತೆಳುವಾಗಿ ಹರಡುತ್ತದೆ. ಅದೇ ದೀಪ 10 ಮೀಟರ್ ದೂರದ ಸಮನೆಲಕ್ಕೆ ಕೊಡುವ ಪ್ರಕಾಶ, 100 ಸೆಂ.ಮೀ. ಎತ್ತರದಿಂದ ಕೊಡುವುದರ ಐದರಲ್ಲಿ ಎರಡು ಪಾಲಿನಷ್ಟೇ. ಎರಡನೆಯದು, ಸಣ್ಣ ಉಬ್ಬಿನ ನೆರಳೂ ಭೂತಾಕಾರ ತಾಳುವುದರಿಂದ ಯಾವುದು ನಿಜವಾದ ತಗ್ಗು, ಯಾವುದು ಬರಿಯ ನೆರಳು ಎಂಬ ವಿವೇಚನೆ ಕೆಡುತ್ತದೆ. ಮೂರನೆಯದು, ಚಕ್ರವೇ ಅಡ್ಡ ಬರುತ್ತದೆ. ದೀಪವನ್ನು ಬಲಗಡೆಗೆ ಕಟ್ಟಿದರೆ ಚಕ್ರದ ನೆರಳು ನಾವು ಸಾಗಬೇಕಾದ ರಸ್ತೆಯ ಎಡ ಅಂಚಿನ ಮೇಲೆಯೇ ಬೀಳುತ್ತದೆ. ಕೆಸರೂ ಮೊದಲು ಸಿಡಿಯುವುದು ಅಲ್ಲಿಗೇ.

ಆದ್ದರಿಂದ ಮಧ್ಯಮಮಾರ್ಗವೇ ಲೇಸು. ಹ್ಯಾಂಡಲ್ಲಿಗೆ ತುಸು ಕೆಳಗೆ, ಬೈಸಿಕಲ್ಲಿನ ಮುಂಭಾಗದ ನಡುವೆ, ಸುಮಾರು 80 ಸೆಂ.ಮೀ. ಎತ್ತರದಲ್ಲಿ ದೀಪವಿದ್ದರೆ ಕಾಣುವ ನೆರಳು 32 ಸೆಂ.ಮೀ. ಆಗುತ್ತದೆ, ಬೆಳಕಿನಲ್ಲಿ ಕಳೆದುಕೊಳ್ಳುವುದು ಐದನೆಯ ಒಂದು ಪಾಲು ಮಾತ್ರ. ಡೈನಮೊ ಬಳಕೆಯಲ್ಲಿದ್ದ ಕಾಲದ ಬೈಸಿಕಲ್ಲುಗಳಲ್ಲಿ ದೀಪದ ಬ್ರಾಕೆಟ್ಟು ಇರುತ್ತಿದ್ದುದು ಹೆಚ್ಚಾಗಿ ಇದೇ ಸ್ಥಳದಲ್ಲಿ. 6 ವೋಲ್ಟಿನ ಆ ಡೈನಮೊಗಳು ಕೊಡುತ್ತಿದ್ದುದು ಒಟ್ಟು 3 ವಾಟ್. ಅಷ್ಟು ಅಲ್ಪ ಬೆಳಕನ್ನು ಪೋಲು ಮಾಡುವಂತಿರಲಿಲ್ಲ. ಹ್ಯಾಂಡಲ್ಲಿಗೆ ಪುಸ್ತಕದ ಚೀಲವನ್ನೋ ಬುತ್ತಿಯನ್ನೋ ನೇತುಹಾಕುವವರು ಮಾತ್ರ ಅದು ದೀಪಕ್ಕೆ ಅಡ್ಡವಾಗದಂತೆ ನೋಡಿಕೊಳ್ಳಬೇಕು.

ಸ್ಥಾನ ಸರಿಯಾದರೆ ಸಾಲದು, ಓಲುವೆಯೂ ಸರಿಯಾಗಬೇಕು. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಸಾಗುವವನು ಸೆಕೆಂಡಿಗೆ 4 ಮೀಟರಿಗಿಂತ ತುಸು ಹೆಚ್ಚು ಕ್ರಮಿಸುತ್ತಾನೆ. ಅಪಾಯ ಕಂಡು ಬ್ರೇಕು ಹಿಡಿಯಲು ಒಂದು ಸೆಕೆಂಡು, ಒಣ ರಸ್ತೆಯಲ್ಲಿ ಬೈಸಿಕಲ್ಲು ನಿಲ್ಲಲು ಇನ್ನೂ ಮೂರೂವರೆ ಮೀಟರು ಹಿಡಿದರೆ ಒಟ್ಟು 8 ಮೀಟರ್ ಬೇಕು. ವೇಗ 20 ಕಿಲೋಮೀಟರಿಗೇರಿದರೆ ಇದು 12 ಮೀಟರಿನ ಹತ್ತಿರ ಹೋಗುತ್ತದೆ. 10 ಮೀಟರ್ ಮುಂದೆ ಬೆಳಕು ಬೀಳುವಂತೆ ದೀಪವನ್ನು ಬಗ್ಗಿಸಿದವನು ಎಷ್ಟು ವೇಗವಾಗಿ ಹೋಗಬಾರದೆಂಬುದು ಇದರಿಂದಲೇ ಸ್ಪಷ್ಟ. ಮಳೆಯಲ್ಲಂತೂ ಇನ್ನೂ ನಿಧಾನವಾಗಿ ಹೋಗಬೇಕು. ತೊಯ್ದ ರಸ್ತೆ ಕನ್ನಡಿಯಂತೆ ಬೆಳಕನ್ನು ಮುಂದಕ್ಕೇ ಹೊರಳಿಸುವುದರಿಂದ ನಮ್ಮ ಕಣ್ಣಿಗೆ ಹಿಂದಿರುಗಿ ಬರುವುದು ಅತ್ಯಲ್ಪ. ಬ್ರೇಕೂ ಆಗ ಜಾರುತ್ತದೆ.

ಓಲುವೆಯನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಬೆಳಕಿನ ನಡುಭಾಗವು 5 ಮೀಟರ್ ದೂರದಲ್ಲಿ ದೀಪದ ಅರ್ಧ ಎತ್ತರಕ್ಕೆ ಇಳಿದಿರಬೇಕೆಂದು ಜರ್ಮನಿಯ ಹಳೆಯ ಸಂಚಾರ ನಿಯಮವೊಂದು ವಿಧಿಸಿತ್ತು. ಸಂಜೆ ಶಾಲೆಯ ಗೋಡೆಯಿಂದ 5 ಮೀಟರ್ ದೂರಕ್ಕೆ ಬೈಸಿಕಲ್ಲನ್ನು ನೆಟ್ಟಗೆ ನಿಲ್ಲಿಸಿರಿ. ದೀಪ 80 ಸೆಂ.ಮೀ. ಎತ್ತರದಲ್ಲಿದ್ದರೆ, ಗೋಡೆಯ ಮೇಲೆ 40 ಸೆಂ.ಮೀ. ಎತ್ತರಕ್ಕೆ ಸುಣ್ಣದ ಗೆರೆ ಎಳೆಯಿರಿ. ಬೆಳಕಿನ ನಡುಭಾಗ ಆ ಗೆರೆಯ ಮೇಲೆ ಬೀಳುವಂತೆ ದೀಪವನ್ನು ಬಗ್ಗಿಸಿ ತಿರುಪನ್ನು ಬಿಗಿಯಿರಿ. ಆಗ ಬೆಳಕು ನೆಲ ಮುಟ್ಟುವುದು ಸರಿಯಾಗಿ 10 ಮೀಟರಿನಲ್ಲಿ. ಎದುರಿಗೆ ಬರುವವನ ಕಣ್ಣಿಗೂ ಅದರಿಂದ ಬಾಧೆಯಿಲ್ಲ.

ಮುಂದಿನ ದೀಪ ನಮಗೆ ದಾರಿಯನ್ನು ತೋರಿಸುತ್ತದೆ; ನಮ್ಮನ್ನು ಹಿಂದಿನವರಿಗೆ ತೋರಿಸುವುದು ಹಿಂದಿನ ಕೆಂಪು ದೀಪ. ಹೆದ್ದಾರಿಯಲ್ಲಿ ಲಾರಿಗಳು ಹಿಂದಿನಿಂದಲೂ ಬರುತ್ತವೆ. ಆದುದರಿಂದ ಗೋಡೆಯ ಪರೀಕ್ಷೆ ಮುಗಿದ ಮೇಲೆ ಬೈಸಿಕಲ್ಲಿನ ಹಿಂದಕ್ಕೆ ಹೋಗಿ ಅದನ್ನೂ ಒಮ್ಮೆ ಒರೆಸಿ ನೋಡಿಯೇ ಮನೆಗೆ ಹೊರಡುವುದು ಒಳ್ಳೆಯದು.