ಮೀಸೆ ಬಂತು, ದನಿ ಮಾತ್ರ ಒಡೆಯಲಿಲ್ಲವೇ?

ಮಿರಜ: ಫೋನ್ ಎತ್ತಿದ ಕೂಡಲೇ ಆ ಕಡೆಯವರು ‘ಅಕ್ಕಾರ, ಮನ್ಯಾಗ ಗಂಡಸರಿದ್ರ ಕೊಡ್ರಿ’ ಅಂತಾರೆ. ಎತ್ತಿದವನು ಇಪ್ಪತ್ತರ ಹುಡುಗ! ಮರಾಠಿಯವರ ಬಾಯಲ್ಲಿ ಇದು ‘ಬಾಯಕಿ ಆವಾಜ್’, ನಮ್ಮವರ ಬಾಯಲ್ಲಿ ‘ಹೆಣ್ಣ ದನಿ’. ನಗುವವರು ಮಾತ್ರ ಎರಡೂ ಭಾಷೆಯಲ್ಲಿದ್ದಾರೆ. ಹುಡುಗ ಮೆಲ್ಲಗೆ ಮಾತೇ ಬಿಡುತ್ತಾನೆ. ನೌಕರಿ ಸಂದರ್ಶನ, ಕನ್ಯಾ ನೋಡುವ ಮಾತು ಬಂದಾಗ ಮನೆಯವರಿಗೆ ಚಿಂತೆ ಹತ್ತುತ್ತದೆ.

ವೈದ್ಯರು ಇದನ್ನು ‘ಪ್ಯೂಬರ್‌ಫೋನಿಯಾ’ ಅನ್ನುತ್ತಾರೆ. ಹರೆಯದಲ್ಲಿ ಹುಡುಗರ ಗಂಟಲಗೂಡು ದೊಡ್ಡದಾಗಿ, ಧ್ವನಿತಂತುಗಳು ಉದ್ದ, ದಪ್ಪ ಆಗುತ್ತವೆ. ಗಂಡಸರಲ್ಲಿ ಅವು ಸೆಕೆಂಡಿಗೆ ಸುಮಾರು 120 ಸಲ ಕಂಪಿಸಿದರೆ ಹೆಂಗಸರಲ್ಲಿ 200ರ ಆಸುಪಾಸು. ಈ ಹುಡುಗರಲ್ಲಿ ಗಂಟಲು ಬೆಳೆದಿರುತ್ತದೆ, ಮಾತಾಡುವ ರೂಢಿ ಮಾತ್ರ ಹಳೆಯದೇ ಉಳಿದಿರುತ್ತದೆ. ಗಂಡಸುತನಕ್ಕೂ ಇದಕ್ಕೂ ಸಂಬಂಧ ಕಟ್ಟಬೇಕಿಲ್ಲ. ಅನೇಕರು ಕೆಮ್ಮಿದರೆ ದಪ್ಪ ದನಿಯೇ ಬರುತ್ತದೆ, ಕೇಳಿ ನೋಡಿ.

ಇದೇ ಮಿರಜದಲ್ಲಿ 1905ರಲ್ಲಿ ಬಾಲಗಂಧರ್ವರು ಶಕುಂತಲೆಯಾಗಿ ರಂಗಕ್ಕೆ ಬಂದಾಗ ಜನ ತಲೆದೂಗಿದರು. ಅದು ಬೇಕೆಂದು ತಂದ ದನಿ. ಇದು ಬೇಡವೆಂದರೂ ಬಿಡದ ದನಿ.

ಮೊದಲು ತೋರಿಸಬೇಕಾದದ್ದು ಕಿವಿ-ಮೂಗು-ಗಂಟಲು ತಜ್ಞರಿಗೆ. ಮಿರಜದಲ್ಲಿ 1962ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ, ದೂರ ಹುಡುಕಬೇಕಿಲ್ಲ. ಸಣ್ಣ ದುರ್ಬೀನಿನಿಂದ ಧ್ವನಿತಂತು ನೋಡುತ್ತಾರೆ, ಕಿವಿ ಕೇಳಿಸುವುದನ್ನೂ ಪರೀಕ್ಷಿಸುತ್ತಾರೆ. ದನಿಯ ಜೊತೆ ಮೀಸೆ-ಗಡ್ಡವೂ ಬಂದಿಲ್ಲವೆಂದರೆ ಮಾತು ಬೇರೆ, ಹಾರ್ಮೋನಿನ ರಕ್ತ ತಪಾಸಣೆ ಬೇಕು. ಆದರೆ ಯಾರೋ ಹೇಳಿದರೆಂದು ಹಾರ್ಮೋನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು ಬೇಡವೇ ಬೇಡ. ಅದರಿಂದ ವೀರ್ಯಾಣು ಕುಗ್ಗುವ ಅಪಾಯವಿದೆ.

ಮುಂದಿನ ಕೆಲಸ ವಾಕ್ ಚಿಕಿತ್ಸಕರದ್ದು. ಗುಳಿಗೆ ಇಲ್ಲ, ಕೊಯ್ಯುವುದಿಲ್ಲ. ಕೆಮ್ಮಿಸುತ್ತಾರೆ, ಆ ಕೆಮ್ಮಿನ ಬಾಲ ಹಿಡಿದು ‘ಆ...’ ಎಂದು ಎಳೆಸುತ್ತಾರೆ. ಬೇಕಾದರೆ ಗಂಟಲಗಂಟನ್ನು ಬೆರಳಿನಿಂದ ಹಗುರಾಗಿ ಒತ್ತುತ್ತಾರೆ (ಮನೆಯಲ್ಲಿ ನೀವು ಒತ್ತಬೇಡಿ). ದಪ್ಪ ದನಿ ಕೆಲವರಿಗೆ ಮೊದಲ ದಿನವೇ ಹೊರಬೀಳುವುದುಂಟು. ಆಮೇಲೆ ಪದ, ವಾಕ್ಯ, ಫೋನು, ಪೇಟೆ. ಕೆಲವು ವಾರ ಬಿಡದೆ ಅಭ್ಯಾಸ ಮಾಡಬೇಕು.

ಕಷ್ಟ ಇರುವುದು ಇಲ್ಲೇ. ಹೊಸ ದನಿ ಹುಡುಗನಿಗೇ ಪರಕೀಯ ಅನಿಸುತ್ತದೆ. ಚಿಕಿತ್ಸಕರ ಮುಂದೆ ದಪ್ಪಗೆ ಮಾತಾಡಿದವನು ಮನೆಗೆ ಬಂದು, ತಂಗಿ ‘ಅಣ್ಣಾ, ಇದ್ಯಾರ ಆವಾಜೋ’ ಎಂದು ನಕ್ಕರೆ ಮತ್ತೆ ಹಳೇ ದನಿಗೆ ಜಾರುತ್ತಾನೆ. ಆ ಕೆಲವು ವಾರ ಮನೆಯವರು ನಗಬಾರದು, ಬಂಧು-ಬಳಗದ ಮುಂದೆ ‘ಮಾತಾಡಿ ತೋರಿಸು’ ಎನ್ನಲೂಬಾರದು.

ಜತ್ತ ಕಡೆಯ ಹುಡುಗರಿಗೆ ಇನ್ನೊಂದು ತೊಡಕು. ಓದಿದ್ದು ಕನ್ನಡ ಶಾಲೆ, ಅಭ್ಯಾಸಕ್ಕೆ ಕೊಡುವ ಹಾಳೆ ಮರಾಠಿ. ಸಂಕೋಚ ಬೇಡ, ದಿನನಿತ್ಯದ ಕನ್ನಡ ಪದಗಳನ್ನು ಬರೆದುಕೊಂಡು ಹೋಗಿ ‘ಇದರಾಗ ಮಾಡಸ್ರಿ’ ಎನ್ನಿ. ಕನ್ನಡದಲ್ಲೇ ಬೇಕೆಂದರೆ ಮೈಸೂರಿನಲ್ಲಿ 1960ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಅಭ್ಯಾಸದಿಂದ ಬಗ್ಗದ ದನಿಗೆ ಶಸ್ತ್ರಚಿಕಿತ್ಸೆಯೂ ಉಂಟು. ಜಪಾನಿನ ಡಾ. ಇಶಿಕಿ 1970ರ ದಶಕದಲ್ಲಿ ತೋರಿಸಿಕೊಟ್ಟ ಈ ವಿಧಾನದಲ್ಲಿ ಗಂಟಲಿನ ಮೃದ್ವಸ್ಥಿಯನ್ನು ತುಸು ತೆಗೆದು ತಂತು ಸಡಿಲಿಸುತ್ತಾರೆ. ಅದರ ಸರದಿ ಕೊನೆಯದು. ಮೊದಲ ಭೇಟಿಗೆ ಹೋಗುವಾಗ ಹುಡುಗನ ಪರವಾಗಿ ತಂದೆ-ತಾಯಿ ಮಾತಾಡದಿರುವುದು ಒಳ್ಳೆಯದು. ಡಾಕ್ಟರು ಕೇಳಬೇಕಾದದ್ದು ಅವನ ದನಿ.