ಅನುಮಾನದ ನಡುವೆಯೇ ದಿನಕ್ಕೆ ಎರಡು ಸಾವಿರ ಪದ

ಕಾದಂಬರಿ ಬರೆಯಲು ಹೊರಟ ಅನೇಕರು ಮೊದಲ ಕೆಲವು ಅಧ್ಯಾಯಗಳಲ್ಲೇ ಲೇಖನಿ ಕೆಳಗಿಡುತ್ತಾರೆ. ಕಥೆ ಬತ್ತಿಹೋಗುವುದಕ್ಕಿಂತ 'ಇದು ನನ್ನಿಂದಾಗುವ ಕೆಲಸವೇ?' ಎಂಬ ಶಂಕೆಯೇ ಇದಕ್ಕೆ ಹೆಚ್ಚಾಗಿ ಕಾರಣ. ನಾಲ್ಕು ಜನ ಮೆಚ್ಚಿದ ಮೇಲೆ ಈ ಶಂಕೆ ತಾನಾಗಿ ತೊಲಗುತ್ತದೆ ಎಂದು ಹೊಸಬರು ನಂಬುವುದುಂಟು. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ (1902–1968) ಅವರ ದಿನಚರಿ ಈ ನಂಬಿಕೆಯನ್ನು ಸುಳ್ಳಾಗಿಸುತ್ತದೆ.

ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿ ಹುಟ್ಟಿದ ಸ್ಟೈನ್‌ಬೆಕ್ 1925ರಲ್ಲಿ ಪದವಿ ಪಡೆಯದೆಯೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವನ್ನು ಬಿಟ್ಟರು. ನ್ಯೂಯಾರ್ಕಿನಲ್ಲಿ ಕಟ್ಟಡ ಕಾರ್ಮಿಕರಾಗಿ ದುಡಿದರು. ಬಳಿಕ ಟಾಹೋ ಸರೋವರದ ಬಳಿ ಶ್ರೀಮಂತರೊಬ್ಬರ ಎಸ್ಟೇಟು ನೋಡಿಕೊಳ್ಳುತ್ತ ಮೊದಲ ಕಾದಂಬರಿ ಬರೆದರು. 1929ರಲ್ಲಿ ಪ್ರಕಟವಾದ ಆ ಕೃತಿಯನ್ನು ಓದುಗರು ಗಮನಿಸಲಿಲ್ಲ. 1933ರಲ್ಲಿ ಬಂದ 'ಟು ಎ ಗಾಡ್ ಅನ್‌ನೋನ್' ಕಾದಂಬರಿಯನ್ನು ವರ್ಷಗಟ್ಟಲೆ ತಿದ್ದಿ ತಿದ್ದಿ ಬರೆದಿದ್ದರು. ಅದಕ್ಕೂ ಅದೇ ಗತಿ. ಜನಮನ್ನಣೆ ದೊರೆತದ್ದು 1935ರ 'ಟಾರ್ಟಿಯಾ ಫ್ಲಾಟ್' ಕೃತಿಗೆ. ಮರುವರ್ಷವೇ ಮನೆಯ ನಾಯಿ 'ಆಫ್ ಮೈಸ್ ಅಂಡ್ ಮೆನ್' ಹಸ್ತಪ್ರತಿಯ ಅರ್ಧದಷ್ಟನ್ನು ಹರಿದು ಹಾಕಿತು. ಬೇರೆ ಪ್ರತಿ ಇರಲಿಲ್ಲ. ಎರಡು ತಿಂಗಳ ಶ್ರಮವನ್ನು ಅವರು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ದಿನಚರಿ ಹೇಳುವುದೇನು?

1938ರ ಹೊತ್ತಿಗೆ ಅವರು ಹೆಸರಾಂತ ಲೇಖಕರಾಗಿದ್ದರು. ಆದರೂ ಆ ವರ್ಷದ ಮೊದಲ ತಿಂಗಳುಗಳಲ್ಲಿ ಬರೆದ ವಿಡಂಬನೆಯೊಂದು ಅವರಿಗೇ ಒಪ್ಪಿಗೆಯಾಗಲಿಲ್ಲ. ಓದುಗರಲ್ಲಿ ದ್ವೇಷವನ್ನು ಕೆರಳಿಸುವ ಪುಸ್ತಕ ಪ್ರಾಮಾಣಿಕವಾದದ್ದಲ್ಲ ಎಂದು ಭಾವಿಸಿ ಮೇ ತಿಂಗಳಲ್ಲಿ ಅದನ್ನು ನಾಶಪಡಿಸಿದರು. ಕೆಲವೇ ದಿನಗಳಲ್ಲಿ ವಲಸೆ ಕೃಷಿಕಾರ್ಮಿಕರ ಬದುಕನ್ನು ಕುರಿತ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯನ್ನು ಕೈಗೆತ್ತಿಕೊಂಡರು. ಜೊತೆಗೇ ಒಂದು ದಿನಚರಿಯನ್ನೂ ಇಟ್ಟರು.

ಮೇ 31ರಿಂದ ಅಕ್ಟೋಬರ್ 26ರವರೆಗಿನ ಈ ದಿನಚರಿಯಲ್ಲಿ ಸಾಹಿತ್ಯ ಸಿದ್ಧಾಂತಗಳ ಚರ್ಚೆ ಕಡಿಮೆ. ನೆರೆಯ ಕಟ್ಟಡ ಕೆಲಸದ ಸದ್ದು, ಬಂದುಹೋಗುವ ಅತಿಥಿಗಳು, ಪತ್ನಿಯ ಅನಾರೋಗ್ಯ, ಪ್ರಕಾಶನ ಸಂಸ್ಥೆಯ ದಿವಾಳಿ, ಹೊಸ ಮನೆಯ ಖರೀದಿ ಇವೇ ಅಲ್ಲಿ ತುಂಬಿವೆ. ಇವುಗಳ ನಡುವೆ, ತಾನು ಲೇಖಕನೇ ಅಲ್ಲವೆಂದೂ ಇಷ್ಟು ದಿನ ತನ್ನನ್ನೂ ಪರರನ್ನೂ ವಂಚಿಸಿಕೊಂಡು ಬಂದವನೆಂದೂ ಅವರು ಬರೆದುಕೊಂಡಿದ್ದಾರೆ. ಇಂಥ ಮಾತು ಬರೆದ ಬಳಿಕವೂ ಅವರು ಕಾದಂಬರಿಯ ಕೆಲಸವನ್ನು ಬಿಡಲಿಲ್ಲ.

ದಿನಕ್ಕೆ ಸುಮಾರು ಎರಡು ಸಾವಿರ ಪದಗಳೆಂಬುದು ಅವರು ಹಾಕಿಕೊಂಡ ಗುರಿ. ಸುಮಾರು ನೂರು ದಿನಗಳ ಬರವಣಿಗೆಯಲ್ಲಿ ಎರಡು ಲಕ್ಷ ಪದಗಳ ಕಾದಂಬರಿ ಮುಗಿಯಿತು.

ಇದು ಹೇಗೆ ಫಲಿಸಿತು?

ಶಂಕೆ ಎಂಬುದು ಸಾಮಾನ್ಯವಾಗಿ ಇಡೀ ಪುಸ್ತಕವನ್ನು ಕುರಿತದ್ದು. ಪುಸ್ತಕ ಚೆನ್ನಾಗಿದೆಯೇ ಎಂಬ ಪ್ರಶ್ನೆಗೆ ನಡುದಾರಿಯಲ್ಲಿ ಉತ್ತರವಿಲ್ಲ. ಇಂದಿನ ಪುಟಗಳು ಮುಗಿದವೇ ಎಂಬ ಪ್ರಶ್ನೆಗಾದರೋ ಸಂಜೆಯೊಳಗೆ ಉತ್ತರ ಸಿಗುತ್ತದೆ. ದಿನದ ಮಿತಿ ಲೇಖಕರನ್ನು ಮೊದಲ ಪ್ರಶ್ನೆಯಿಂದ ಎರಡನೆಯದರತ್ತ ತಿರುಗಿಸುತ್ತದೆ. ಶಂಕೆಗೆಂದೇ ಬೇರೆ ಪುಸ್ತಕವೊಂದಿದ್ದರೆ ಅದು ಕಾದಂಬರಿಯ ಪುಟಗಳೊಳಗೆ ನುಸುಳುವುದೂ ಕಡಿಮೆಯಾಗುತ್ತದೆ.

ಆದರೆ ಈ ವೇಗವನ್ನಷ್ಟೇ ಅನುಕರಿಸುವುದು ತಪ್ಪಾದೀತು. ಅದರ ಹಿಂದೆ ದೀರ್ಘ ಸಿದ್ಧತೆಯಿತ್ತು. 1936ರಲ್ಲೇ ಸ್ಟೈನ್‌ಬೆಕ್ ವಲಸೆ ಕಾರ್ಮಿಕರ ಶಿಬಿರಗಳನ್ನು ಸುತ್ತಿ 'ಸ್ಯಾನ್ ಫ್ರಾನ್ಸಿಸ್ಕೋ ನ್ಯೂಸ್' ಪತ್ರಿಕೆಗೆ ಏಳು ಲೇಖನಗಳನ್ನು ಬರೆದಿದ್ದರು. 1938ರ ಆರಂಭದಲ್ಲಿ ನೆರೆಪೀಡಿತ ವೈಸೇಲಿಯಾದಲ್ಲಿ ಹಸಿದ ಕುಟುಂಬಗಳನ್ನು ಕಂಡಿದ್ದರು. ಹೇಳಬೇಕಾದದ್ದು ಕೂಡಿಬಂದ ಮೇಲೆಯೇ ದಿನದ ಲೆಕ್ಕಕ್ಕೆ ಬೆಲೆ. ಆ ಶ್ರಮವೂ ಒಬ್ಬರದಾಗಿರಲಿಲ್ಲ. ಪತ್ನಿ ಕ್ಯಾರೊಲ್ ಹಸ್ತಪ್ರತಿಯನ್ನು ಬೆರಳಚ್ಚು ಮಾಡಿದರು, ತಿದ್ದುಪಡಿ ಸೂಚಿಸಿದರು. ಕಾದಂಬರಿಗೆ ಹೆಸರು ಕೊಟ್ಟವರೂ ಅವರೇ. ಬರೆದು ಮುಗಿಸುವ ಹೊತ್ತಿಗೆ ಸ್ಟೈನ್‌ಬೆಕ್ ತೀರ ಬಳಲಿದ್ದರು. ದಂಪತಿಗಳು 1943ರಲ್ಲಿ ವಿಚ್ಛೇದನ ಪಡೆದರು.

1939ರ ಏಪ್ರಿಲ್‌ನಲ್ಲಿ ಪ್ರಕಟವಾದ ಕಾದಂಬರಿ ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಯಿತು. ಮರುವರ್ಷ ಪುಲಿಟ್ಜರ್ ಪ್ರಶಸ್ತಿ, 1962ರಲ್ಲಿ ಲೇಖಕರಿಗೆ ನೊಬೆಲ್ ಪ್ರಶಸ್ತಿ ಬಂದವು. ಇಷ್ಟೆಲ್ಲ ಮನ್ನಣೆಯ ನಡುವೆಯೂ ಹಳೆಯ ಅಭ್ಯಾಸ ಬಿಡಲಿಲ್ಲ. 1951ರಲ್ಲಿ 'ಈಸ್ಟ್ ಆಫ್ ಈಡನ್' ಬರೆಯುವಾಗ ಪ್ರತಿ ಬೆಳಗ್ಗೆ ತಮ್ಮ ಸಂಪಾದಕರಿಗೆ ಪತ್ರವೊಂದನ್ನು ಬರೆದು, ಮನಸ್ಸಿನ ಭಾರ ಇಳಿಸಿ, ಆಮೇಲೆಯೇ ಕಾದಂಬರಿಯ ಪುಟಕ್ಕೆ ಕೈಹಾಕುತ್ತಿದ್ದರು. 1938ರ ದಿನಚರಿಯು 'ವರ್ಕಿಂಗ್ ಡೇಸ್' ಎಂಬ ಹೆಸರಿನಲ್ಲಿ 1989ರಲ್ಲಿ, ಅವರು ತೀರಿಕೊಂಡ ಎರಡು ದಶಕಗಳ ನಂತರ ಬೆಳಕು ಕಂಡಿತು. ಅರ್ಧಕ್ಕೆ ನಿಂತ ಹಸ್ತಪ್ರತಿಯನ್ನು ಮೇಜಿನೊಳಗಿಟ್ಟು ಕುಳಿತ ಹೊಸ ಬರಹಗಾರರು ಕಾದಂಬರಿಯ ಜೊತೆಗೇ ಇಟ್ಟುಕೊಂಡು ಓದಬೇಕಾದ ಪುಸ್ತಕವಿದು.