ಮೂರು ಗೆರೆ, ಮೂರು ಕಾರಣ: ಹಳೆಯ ಕಲರ್ ನೆಗೆಟಿವ್ ಸ್ಕ್ಯಾನ್ ಮಾಡುವವರಿಗೆ

2019ರ ಆಗಸ್ಟ್‌ನಲ್ಲಿ ತುಂಗಾ ನದಿಯ ನೀರು ಶಿವಮೊಗ್ಗದ ತಗ್ಗು ಬೀದಿಗಳಿಗೆ ನುಗ್ಗಿದಾಗ ನಮ್ಮ ಮನೆಯ ಕಪಾಟಿನ ಕೆಳಗಿನ ಎರಡು ಅರೆಗಳೂ ಮುಳುಗಿದವು. ಅಮ್ಮಿಯ ನಿಕಾಹ್ ಆಲ್ಬಮ್ ಅಲ್ಲೇ ಇತ್ತು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಹೋದರೆ ಮುಖಗಳೇ ಕಿತ್ತು ಬರುತ್ತಿದ್ದವು. ಆದರೆ ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿ ನೆಗೆಟಿವ್‌ಗಳು ಉಳಿದಿದ್ದವು. 2003ರವು. ಅದರಲ್ಲಿ ಒಂದು ಫ್ರೇಮ್‌ನಲ್ಲಿ ನನ್ನ ನಾನಾ ನಿಕಾಹ್‌ನಾಮಾಕ್ಕೆ ಸಹಿ ಹಾಕುತ್ತಿದ್ದಾರೆ. ನಾನಾ ತೀರಿಕೊಂಡದ್ದು ನಾನು ಹುಟ್ಟುವ ಮೊದಲು. ಅವರ ಬೇರೆ ಒಳ್ಳೆಯ ಫೋಟೋ ನಮ್ಮಲ್ಲಿಲ್ಲ.

ಕಳೆದ ದಸರಾ ರಜೆಯಲ್ಲಿ ನಮ್ಮ ಬೀದಿಯ ಸ್ಟುಡಿಯೋ ಚಾಚಾ ತಮ್ಮ ಹಳೆಯ ಸ್ಕ್ಯಾನರನ್ನು ಹತ್ತು ದಿನಕ್ಕೆ ಕೊಟ್ಟರು. ಮುಚ್ಚಳದಲ್ಲಿ ದೀಪವಿರುವ, ಫಿಲ್ಮ್ ಸ್ಕ್ಯಾನ್ ಮಾಡಬಲ್ಲ ಯಂತ್ರ. ಮೊದಲ ಸ್ಕ್ಯಾನ್ ಬಂದಾಗ ನಾನಾ ಇದ್ದರು, ಅವರ ಮೇಲೆ ಮೂರು ಗೆರೆಗಳೂ ಇದ್ದವು. ಒಂದು ಹಳದಿ, ಒಂದು ಮಸುಕು ಪಟ್ಟೆ, ಒಂದು ತೆಳ್ಳಗಿನ ಬಿಳಿ. ಮೂರಕ್ಕೂ ಕಾರಣ ಬೇರೆ ಬೇರೆ ಎಂದು ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು. ನಿಮಗೆ ಅಷ್ಟು ಬೇಡವೆಂದು ಇದನ್ನು ಬರೆಯುತ್ತಿದ್ದೇನೆ.

ನೆಗೆಟಿವ್‌ನಲ್ಲೇ ಗೆರೆ ಏಕೆ ಹೆಚ್ಚು?

ಅದೇ ಸ್ಕ್ಯಾನರ್‌ನಲ್ಲಿ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿದರೆ ಯಾವ ಗೆರೆಯೂ ಕಾಣುವುದಿಲ್ಲ. ನೆಗೆಟಿವ್ ಹಾಗಲ್ಲ. ಕೋಡಕ್ 1972ರಲ್ಲಿ ತಂದ ಸಿ-41 ಎಂಬ ಸಂಸ್ಕರಣ ವಿಧಾನದಲ್ಲಿ ತೊಳೆದ ಕಲರ್ ಫಿಲ್ಮ್‌ನಲ್ಲಿ ಹಳದಿ, ಮಜೆಂಟಾ, ಸಯಾನ್ ಎಂಬ ಮೂರು ಬಣ್ಣದ ಪದರಗಳು ಇರುತ್ತವೆ. ಆ ಬಣ್ಣಗಳು ಪೂರ್ತಿ ಶುದ್ಧವಲ್ಲದ ಕಾರಣ ಬರುವ ದೋಷವನ್ನು ಸರಿದೂಗಿಸಲು ಫಿಲ್ಮ್‌ಗೆ ಕಿತ್ತಳೆ ಛಾಯೆ ಕೊಟ್ಟಿರುತ್ತಾರೆ. ಈ ಕಿತ್ತಳೆಯನ್ನು ದಾಟಿ ನೀಲಿ ಬೆಳಕು ಬಹಳ ಕಡಿಮೆ ಬರುತ್ತದೆ. ಸಾಫ್ಟ್‌ವೇರ್ ಆ ಕಡಿಮೆ ನೀಲಿಯನ್ನು ಹಿಗ್ಗಿಸುತ್ತದೆ. ಜೊತೆಗೆ ನೆಗೆಟಿವ್‌ನಲ್ಲಿ ಕಪ್ಪು ಬಿಳುಪಿನ ಅಂತರವೂ ಕಡಿಮೆ, ಅದನ್ನೂ ಎಳೆದು ದೊಡ್ಡದು ಮಾಡುತ್ತದೆ. ಚಿತ್ರ ಹಿಗ್ಗಿದಂತೆ ತಪ್ಪೂ ಹಿಗ್ಗುತ್ತದೆ.

ಗಾತ್ರದ ಲೆಕ್ಕವೂ ಇದೆ. ಒಂದು ಫ್ರೇಮ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಅದನ್ನು 12 ಇಂಚು ಅಗಲಕ್ಕೆ ಪ್ರಿಂಟ್ ಹಾಕಿಸಿದರೆ ಎಂಟು ಪಟ್ಟಿಗೂ ಹೆಚ್ಚು ದೊಡ್ಡದಾಗುತ್ತದೆ. ಫಿಲ್ಮ್ ಮೇಲಿನ 0.1 ಮಿ.ಮೀ. ಗೀರು ಗೋಡೆಯ ಮೇಲೆ ಸುಮಾರು 1 ಮಿ.ಮೀ. ದಪ್ಪದ ಗೆರೆ.

ಮೊದಲು ಕೇಳಬೇಕಾದ ಪ್ರಶ್ನೆ

ಕಾಮರ್ಸ್‌ನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಟ್ರಯಲ್ ಬ್ಯಾಲೆನ್ಸ್ ಕೂಡದಿದ್ದರೆ ಸಿಕ್ಕಿದ ಅಂಕಿಯನ್ನೆಲ್ಲ ತಿದ್ದಲು ಹೋಗುವುದಿಲ್ಲ. ತಪ್ಪು ಲೆಡ್ಜರ್‌ನಲ್ಲಿದೆಯೋ, ಮೊತ್ತ ಕೂಡುವಾಗ ಆಗಿದೆಯೋ ಎಂದು ಮೊದಲು ಬೇರೆ ಮಾಡುತ್ತೇವೆ. ಇಲ್ಲಿಯೂ ಅಷ್ಟೇ: ಗೆರೆ ಫಿಲ್ಮ್‌ನದೋ, ಯಂತ್ರದ್ದೋ?

ಕಣ್ಣಿಗೆ ನೋಡಿ ಹೇಳಲು ಆಗುವುದಿಲ್ಲ. ಕ್ಯಾಮೆರಾದಲ್ಲಿ ಫಿಲ್ಮ್ ಉದ್ದಕ್ಕೆ ಸರಿಯುವುದರಿಂದ ಅದರ ಗೀರುಗಳು ಉದ್ದಕ್ಕೇ ಇರುತ್ತವೆ. ನನ್ನ ಸ್ಕ್ಯಾನರ್‌ನಲ್ಲಿ ಫಿಲ್ಮ್ ಪಟ್ಟಿ ಕೂರುವುದೂ, ಸೆನ್ಸರ್ ಸಾಗುವುದೂ ಅದೇ ದಿಕ್ಕಿನಲ್ಲಿ. ಎರಡೂ ತಪ್ಪು ಒಂದೇ ಥರ ಕಾಣುತ್ತವೆ.

ಪರೀಕ್ಷೆ ಹೀಗೆ. ಪಟ್ಟಿಯನ್ನು ತಲೆ ಕೆಳಗು ಮಾಡಿ, ಅಂದರೆ ಮೇಲಿನ ತುದಿ ಕೆಳಗೆ ಬರುವಂತೆ ಇಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಬೇರೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಗೆರೆ ಅದೇ ಮುಖದ ಮೇಲೆ ಉಳಿದರೆ ಅದು ಫಿಲ್ಮ್‌ನದು. ಚಿತ್ರದಲ್ಲಿ ಮೇಲಿದ್ದ ಗೆರೆ ಕೆಳಗೆ ಹೋದರೆ ಯಂತ್ರದ್ದು. ಅನುಮಾನವಿದ್ದರೆ ಫಿಲ್ಮ್ ಇಲ್ಲದೆ ಖಾಲಿ ಹೋಲ್ಡರನ್ನೇ ಸ್ಕ್ಯಾನ್ ಮಾಡಿ ನೋಡಿ.

ನನ್ನ ಹಳದಿ ಗೆರೆ ನಾನಾರ ಪೇಟದಿಂದ ಹೊರಟು ಜಮಖಾನೆಯ ಮೇಲೆ ಹೋಯಿತು. ಉಳಿದೆರಡು ಅಲ್ಲೇ ಇದ್ದವು.

ಹಳದಿ ಗೆರೆ: ಯಂತ್ರದ್ದು

ಸ್ಕ್ಯಾನರ್ ಕೆಲಸ ಶುರು ಮಾಡುವ ಮುಂಚೆ ಫಿಲ್ಮ್ ಇಲ್ಲದ ಖಾಲಿ ಜಾಗದಲ್ಲಿ ತನ್ನ ಸೆನ್ಸರ್ ಸಾಲನ್ನು ತಾನೇ ತೂಗಿ ನೋಡುತ್ತದೆ. ಹೋಲ್ಡರ್‌ನ ತಲೆಯಲ್ಲಿ ಒಂದು ಉದ್ದ ಕಿಂಡಿ ಇರುವುದು ಅದಕ್ಕೇ. ಅಲ್ಲಿ ಒಂದು ಧೂಳಿನ ಕಣ ಇದ್ದರೆ ಅದರ ನೆರಳು ಬಿದ್ದ ಸೆನ್ಸರ್ ದುರ್ಬಲವೆಂದು ಯಂತ್ರ ತಿಳಿಯುತ್ತದೆ, ಸ್ಕ್ಯಾನ್ ಮುಗಿಯುವ ತನಕ ಅದಕ್ಕೆ ಹೆಚ್ಚು ಅಂಕ ಕೊಡುತ್ತಾ ಹೋಗುತ್ತದೆ. ಹಾಗಾಗಿ ಒಂದು ಕಣ ಇಡೀ ಉದ್ದದ ಗೆರೆಯಾಗುತ್ತದೆ. ನೀಲಿ ಸೆನ್ಸರ್‌ಗೆ ಹೀಗಾದರೆ ನೆಗೆಟಿವ್‌ನಲ್ಲಿ ನೀಲಿ ಹೆಚ್ಚು, ತಿರುಗಿಸಿದ ಚಿತ್ರದಲ್ಲಿ ನೀಲಿ ಕಡಿಮೆ. ನೀಲಿ ಕಡಿಮೆಯಾದರೆ ಕಾಣುವುದು ಹಳದಿ.

ನಾನು ಮೂರು ದಿನ ಫಿಲ್ಮ್ ಇಡುವ ಜಾಗವನ್ನೇ ಒರೆಸುತ್ತಿದ್ದೆ. ಕಸ ಇದ್ದದ್ದು ಆ ಕಿಂಡಿಯ ಕೆಳಗಿನ ಗಾಜಿನ ಮೇಲೆ. ಗಾಳಿ ಊದುವ ರಬ್ಬರ್ ಬುಡ್ಡೆಯಿಂದ ಊದಿ, ನೂಲು ಬಿಡದ ಒಣ ಬಟ್ಟೆಯಿಂದ ಒರೆಸಿ, ಮುಚ್ಚಳದ ದೀಪದ ಗಾಜನ್ನೂ ಒರೆಸಿ, ಯಂತ್ರವನ್ನು ಆಫ್ ಮಾಡಿ ಆನ್ ಮಾಡಿದೆ. ಗೆರೆ ಹೋಯಿತು. ಗಾಜಿನ ಮೇಲೆ ನೇರವಾಗಿ ದ್ರವ ಸಿಂಪಡಿಸಬೇಡಿ, ಅಂಚಿನಿಂದ ಒಳಗೆ ಇಳಿಯುತ್ತದೆ.

ಮಸುಕು ಪಟ್ಟೆ: ನೀರಿನದು

ಎರಡನೆಯದು ನೇರವಾಗಿರಲಿಲ್ಲ, ನೀರು ಹರಿದು ಇಳಿದ ಹಾಗೆ ಡೊಂಕಾಗಿತ್ತು. ಫಿಲ್ಮ್‌ನ ಹೊಳೆಯುವ ಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಬಿಳಿ ಕಲೆ ಕಾಣಿಸಿತು. ತೊಳೆದು ಒಣಗಿಸುವಾಗ ಗಡಸು ನೀರಿನ ಸುಣ್ಣದ ಅಂಶ ಉಳಿದರೆ ಹೀಗಾಗುತ್ತದೆ. ಕಲೆ ಬೆಳಕನ್ನು ಚದುರಿಸುತ್ತದೆ, ಆದ್ದರಿಂದ ಸ್ಕ್ಯಾನ್‌ನಲ್ಲಿ ಕಪ್ಪಾಗಿ, ತಿರುಗಿಸಿದಾಗ ಬೆಳ್ಳಗೆ ಬರುತ್ತದೆ.

ಸ್ಟುಡಿಯೋ ಚಾಚಾ ಮೊದಲು ಬರೀ ಶಾಮಿಯಾನ ಇದ್ದ ಒಂದು ಪಟ್ಟಿಯ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಡಿಸ್ಟಿಲ್ಡ್ ವಾಟರ್‌ನಲ್ಲಿ ಸುಮಾರು ಹತ್ತು ನಿಮಿಷ ನೆನೆಸಿ, ಕೊನೆಗೆ ನೀರು ಹನಿಗಟ್ಟದಂತೆ ಮಾಡುವ ದ್ರಾವಣದಲ್ಲಿ ಅದ್ದಿ, ಫ್ಯಾನ್ ಹಾಕದೆ ಧೂಳಿಲ್ಲದ ಕೋಣೆಯಲ್ಲಿ ಕ್ಲಿಪ್ ಹಾಕಿ ತೂಗುಬಿಡುವುದು. ಒದ್ದೆ ಫಿಲ್ಮ್‌ನ ಮಂಕು ಬದಿಯನ್ನು ಮುಟ್ಟಲೇಬಾರದು, ಚಿತ್ರ ಇರುವುದು ಆ ಬದಿಯಲ್ಲಿ. ಅದು ಸರಿಹೋದ ಮೇಲೆ ನಾನಾರ ಪಟ್ಟಿಯನ್ನು ಅವರೇ ತೊಳೆದುಕೊಟ್ಟರು. ಪಟ್ಟೆ ಹೋಯಿತು.

ಬಿಳಿ ಗೆರೆ: ನನ್ನದು

ಮೂರನೆಯದನ್ನು ಚಾಚಾ ಭೂತಗನ್ನಡಿ ಇಟ್ಟು ನೋಡಿದರು. "ಬೇಟಾ, ಇದು ಹೊಸ ಗೀರು. ಏನಿಂದ ಒರೆಸಿದೆ?" ಎಂದರು. ಡಬ್ಬಿ ತೆಗೆದ ದಿನ ಧೂಳು ಕಂಡು ಜೇಬಿನ ಕರ್ಚೀಫಿನಿಂದ ಪಟ್ಟಿಯನ್ನು ಉದ್ದಕ್ಕೆ ಎಳೆದು ಒರೆಸಿದ್ದೆ. ಹದಿನಾರು ವರ್ಷ ಅಟ್ಟದಲ್ಲಿ, ಆಮೇಲೆ ನೆರೆಯಲ್ಲೂ ಉಳಿದ ಫಿಲ್ಮ್‌ಗೆ ಗೀರು ಹಾಕಿದ್ದು ನಾನು. ಗೆರೆ ಮಾಮುವಿನ ಟೋಪಿಯಿಂದ ಹೊರಟು ನಾನಾರ ಬಲಗಣ್ಣಿನ ಮೇಲೆ ಹಾದುಹೋಗುತ್ತದೆ.

ಗೀರಿನ ಬಣ್ಣವೂ ಸುಳಿವು ಕೊಡುತ್ತದೆ. ಹೊಳೆಯುವ ಬದಿಯ ಗೀರು ಬೆಳಕನ್ನು ಚದುರಿಸಿ ಚಿತ್ರದಲ್ಲಿ ಬಿಳಿಯಾಗುತ್ತದೆ. ಮಂಕು ಬದಿಯದು ಬಣ್ಣವನ್ನೇ ಕೆರೆದು ಹಾಕುವುದರಿಂದ ಕಪ್ಪಾಗಿಯೋ ಬಣ್ಣದ ಗೆರೆಯಾಗಿಯೋ ಬರುತ್ತದೆ. ಕೆಲವು ಸ್ಕ್ಯಾನರ್‌ಗಳಲ್ಲಿ ಇನ್‌ಫ್ರಾರೆಡ್ ಶೋಧನೆ ಇರುತ್ತದೆ. ಕಲರ್ ಫಿಲ್ಮ್‌ನ ಬಣ್ಣಗಳ ಮೂಲಕ ಇನ್‌ಫ್ರಾರೆಡ್ ದಾಟಿಹೋಗುತ್ತದೆ, ಧೂಳು ಮತ್ತು ಗೀರು ಮಾತ್ರ ತಡೆಯುತ್ತವೆ, ಹಾಗಾಗಿ ಅವು ಎಲ್ಲಿವೆ ಎಂದು ಯಂತ್ರಕ್ಕೆ ಗೊತ್ತಾಗುತ್ತದೆ. ಬೆಳ್ಳಿಯಿಂದಾದ ಹಳೆಯ ಬ್ಲ್ಯಾಕ್ ಅಂಡ್ ವೈಟ್ ಫಿಲ್ಮ್‌ಗೆ ಇದು ನಡೆಯುವುದಿಲ್ಲ, ಬೆಳ್ಳಿಯೂ ಇನ್‌ಫ್ರಾರೆಡ್ ಅನ್ನು ತಡೆಯುತ್ತದೆ. ನನ್ನ ಕೈಯಲ್ಲಿದ್ದ ಯಂತ್ರದಲ್ಲಿ ಈ ಸೌಲಭ್ಯ ಇರಲಿಲ್ಲ.

ಕಂಪ್ಯೂಟರ್‌ನಲ್ಲಿ ತಿದ್ದಲು ಕುಳಿತೆ. ಟೋಪಿ, ಗೋಡೆ, ಹಣೆ ಎಲ್ಲವನ್ನೂ ಪಕ್ಕದ ಬಣ್ಣ ತೆಗೆದು ತುಂಬಿದೆ. ಕಣ್ಣಿನ ಹತ್ತಿರ ಬಂದಾಗ ಕೈ ನಿಂತಿತು. ನಾನು ನಾನಾರನ್ನು ನೋಡೇ ಇಲ್ಲ. ಅಲ್ಲಿ ಏನು ತುಂಬಿದರೂ ಅದು ನನ್ನ ಊಹೆಯ ಕಣ್ಣಾಗುತ್ತದೆ. ಅಮ್ಮಿಯನ್ನು ಕರೆದು ಕೇಳಿದೆ. ಅವರು ತುಂಬ ಹೊತ್ತು ನೋಡಿ, "ರೆಹನೇ ದೋ" ಎಂದರು. ಇರಲಿ ಬಿಡು.

ಸ್ಕ್ಯಾನರ್ ಇಲ್ಲದವರಿಗೆ

ಮೊಬೈಲ್ ಕ್ಯಾಮೆರಾದಿಂದಲೂ ನೆಗೆಟಿವ್ ತೆಗೆಯಬಹುದು. ಆಗ ಅಡ್ಡ ಪಟ್ಟೆಗಳು ಬಂದು, ಪ್ರತಿ ಸಲವೂ ಜಾಗ ಬದಲಿಸುತ್ತಿದ್ದರೆ ಅದು ಎಲ್‌ಇಡಿ ದೀಪದ ಮಿಣುಕು. ದೀಪ ಬದಲಿಸಿ, ಇಲ್ಲವೇ ಶಟರ್ ವೇಗ ಕಡಿಮೆ ಮಾಡಿ. ಇನ್ನೊಂದು ಫೋನಿನ ಬಿಳಿ ಪರದೆಯನ್ನು ದೀಪವಾಗಿ ಬಳಸಿದರೆ ಫಿಲ್ಮನ್ನು ಅದರ ಮೇಲೆ ಅಂಟಿಸದೆ ಸ್ವಲ್ಪ ಎತ್ತರದಲ್ಲಿ ಹಿಡಿಯಿರಿ, ಇಲ್ಲದಿದ್ದರೆ ಪರದೆಯ ಚುಕ್ಕೆಗಳು ಬರುತ್ತವೆ. ಚಿತ್ರದಲ್ಲಿ ಕೆಂಪು ಅಥವಾ ಕಿತ್ತಳೆ ಪಟ್ಟೆಯಿದ್ದು, ಅದು ಫ್ರೇಮ್ ದಾಟಿ ಅಂಚಿನ ತೂತುಗಳವರೆಗೂ ಹೋಗಿದ್ದರೆ ಆ ದಿನ ಕ್ಯಾಮೆರಾದೊಳಗೆ ಬೆಳಕು ಸೋರಿದೆ ಎಂದರ್ಥ. ಅದನ್ನು ಒರೆಸಿ ತೆಗೆಯಲಾಗದು.

ಫೋಟೋವನ್ನು ಪ್ರಿಂಟ್ ಹಾಕಿಸಿ ನಾನಿಗೆ ಕೊಟ್ಟೆವು. ಅವರು ಗೆರೆಯ ಬಗ್ಗೆ ಏನೂ ಕೇಳಲಿಲ್ಲ, ನಾನಾ ಹಿಡಿದಿದ್ದ ಪೆನ್ನು ಯಾರದ್ದೆಂದು ಹೇಳಿದರು. ತಿದ್ದದ ಮೂಲ ಸ್ಕ್ಯಾನನ್ನು ಎರಡು ಕಡೆ ಬೇರೆಯಾಗಿ ಇಟ್ಟಿದ್ದೇನೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಡಬ್ಬಿ ಇರಬಹುದು. ತೆಗೆಯಿರಿ, ಅಂಚು ಮಾತ್ರ ಹಿಡಿಯಿರಿ, ಊದುವ ಬುಡ್ಡೆಯಿಂದ ಊದಿರಿ. ಕರ್ಚೀಫು ಜೇಬಿನಲ್ಲೇ ಇರಲಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ